ಅಂಗಳದಲ್ಲೇ ಎಂಜಿನ್ ಬದಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 1996ರ ಮಾರುತಿ 800, ಕಾರ್ಬ್ಯುರೇಟರ್ ಇರುವ ಗಾಡಿ. ನೀಲಿ ಹೊಗೆ ಬಿಡುತ್ತಿದೆ, ಘಟ್ಟ ಹತ್ತುವಾಗ ಸೋಲುತ್ತಿದೆ. ಬೋರ್ ಮಾಡಿಸುವ ಬದಲು ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಅದೇ ಮಾದರಿಯ ಎಂಜಿನ್ ತಂದು ಮನೆಯಲ್ಲೇ ಕೂರಿಸಬೇಕೆಂದಿದ್ದೇನೆ. ಪಂಪ್‌ಸೆಟ್, ಟಿಲ್ಲರ್ ಬಿಚ್ಚಿ ಜೋಡಿಸಿ ಅಭ್ಯಾಸವಿದೆ. ಇದು ಕೈಲಾಗುವ ಕೆಲಸವೇ?
– ಕೃಷಿಕರು, ಶಿರಸಿ

ಉತ್ತರ: ಕೈಲಾಗುತ್ತದೆ. ನಿಮ್ಮದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಕಂಪ್ಯೂಟರ್ ಇಲ್ಲ, ಸೆನ್ಸರ್‌ಗಳ ಗೋಜಲಿಲ್ಲ. ಟಿಲ್ಲರ್ ಬಿಚ್ಚಿದವರು ಇದಕ್ಕೆ ಹೆದರಬೇಕಾಗಿಲ್ಲ. ಆದರೆ ಈ ಕೆಲಸ ಕೆಡುವುದು ಹೆಚ್ಚಾಗಿ ಅಂಗಳದಲ್ಲಲ್ಲ, ಗುಜರಿ ಅಂಗಡಿಯಲ್ಲಿ.

ಅಲ್ಲಿ ಎಂಜಿನ್‌ಗೆ ಸೀಮೆಎಣ್ಣೆಯ ಸ್ನಾನ ಮಾಡಿಸಿ ಬೆಳ್ಳಿ ಬಣ್ಣ ಬಳಿದಿರುತ್ತಾರೆ. ಹೊಳಪಿಗೆ ಮರುಳಾಗಬೇಡಿ. ಎಣ್ಣೆ ಮುಚ್ಚಳ ತೆಗೆದು ಅದರ ಒಳಬದಿ ನೋಡಿ. ಅಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ಜಿಡ್ಡಿದ್ದರೆ ಎಣ್ಣೆಯೊಳಕ್ಕೆ ನೀರು ಇಳಿದಿದೆ ಎಂದರ್ಥ, ಅಂಥದ್ದನ್ನು ಮುಟ್ಟಬೇಡಿ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ, ಥ್ರಾಟಲ್ ಪೂರ್ತಿ ತೆರೆದು, ಬ್ಯಾಟರಿ ಕೊಟ್ಟು ಸ್ಟಾರ್ಟರ್ ತಿರುಗಿಸಿ ಕಂಪ್ರೆಶನ್ ಅಳೆಯಿರಿ. ಸಿಲಿಂಡರ್‌ನಿಂದ ಸಿಲಿಂಡರ್‌ಗೆ ಚದರ ಸೆಂಟಿಮೀಟರಿಗೆ 1 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದರಲ್ಲಿ ಕಡಿಮೆ ಬಂದರೆ ಅದರೊಳಕ್ಕೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನ ತೊಂದರೆ. ಕಂಪ್ರೆಶನ್ ನೋಡಲು ಬಿಡದ ಅಂಗಡಿಯವನ ಹತ್ತಿರ ಚೌಕಾಸಿಯೂ ಬೇಡ.

800ರಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ, ಗೇರ್‌ಬಾಕ್ಸ್ ಸಮೇತ ಮೇಲಕ್ಕೆ ಎತ್ತುವುದೇ ಸುಲಭ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಗೇರ್ ಆಯಿಲ್ ಇಳಿಸದೆ ಡ್ರೈವ್‌ಶಾಫ್ಟ್ ಎಳೆದರೆ ಅಂಗಳವೆಲ್ಲ ಎಣ್ಣೆಯಾಗುತ್ತದೆ. ಸೈಲೆನ್ಸರ್ ಪೈಪಿನ ನಟ್‌ಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಇಲ್ಲದಿದ್ದರೆ ಸ್ಟಡ್ ಮುರಿದು ಲೇತ್ ಅಂಗಡಿಗೆ ಓಡಬೇಕಾದೀತು. ಕಾರ್ಬ್ಯುರೇಟರ್ ಸುತ್ತಲಿನ ಸಣ್ಣ ವ್ಯಾಕ್ಯೂಮ್ ಪೈಪುಗಳೇ ನಿಜವಾದ ತಲೆನೋವು. ಬಿಚ್ಚುವ ಮುಂಚೆ ಪ್ರತಿಯೊಂದಕ್ಕೂ ಕಾಗದದ ಟೇಪ್ ಸುತ್ತಿ ನಂಬರ್ ಬರೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಎಂಜಿನ್ ಹೊರಗಿದ್ದಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಹೊಸದು ಹಾಕಿ. ಆ ಸೀಲ್ ಸಣ್ಣ ಸಾಮಾನು, ಆದರೆ ಅದು ಸೋರಿದರೆ ಇಡೀ ಕೆಲಸ ಮೊದಲಿನಿಂದ ಮಾಡಬೇಕು.

ಇನ್ನೊಂದು ದಾರಿಯೂ ಇದೆ, ನನಗೆ ಅದೇ ಮೇಲು ಅನಿಸುತ್ತದೆ. ನಿಮ್ಮ ಹಳೆಯ ಬ್ಲಾಕ್ ಬಿರುಕು ಬಿಟ್ಟಿಲ್ಲದಿದ್ದರೆ ಅದನ್ನೇ 0.25 ಅಥವಾ 0.50 ಮಿ.ಮೀ. ಬೋರ್ ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿಸಿ. ಗುಜರಿಯಿಂದ ಹೆಡ್‌ನಂಥ ಬಿಡಿ ಭಾಗ ಮಾತ್ರ ತನ್ನಿ. ಎಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಬ್ಲಾಕ್ ನಿಮ್ಮದೇ ಉಳಿದರೆ ಆರ್‌ಸಿಯ ನಂಬರ್ ಬದಲಾಗುವುದಿಲ್ಲ. ಇಳಿಸುವ, ಕೂರಿಸುವ ಖುಷಿಯೂ ನಿಮ್ಮದೇ.

ಪ್ರಶ್ನೆ: ಮಾರುತಿ 800ಕ್ಕೆ ಹಳೆಯ ಝೆನ್‌ನ ಎಂಜಿನ್ ಹಾಕಿದರೆ ಗಾಡಿ ಹಾರುತ್ತದಂತೆ, ನಿಜವೇ? ಆರ್‌ಟಿಒ ತಕರಾರು ಇರುತ್ತದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಹಾರುವುದು ನಿಜ. ಝೆನ್‌ನ 993 ಸಿಸಿ, ನಾಲ್ಕು ಸಿಲಿಂಡರ್ ಎಂಜಿನ್ ಸುಮಾರು 650 ಕೆ.ಜಿ. ತೂಗುವ ಪುಟ್ಟ ಗಾಡಿಯಲ್ಲಿ ಕೂತರೆ ಚುರುಕು ಬರದೇ ಇರುತ್ತದೆಯೇ? ಆದರೆ ಬ್ರೇಕ್, ಸಸ್ಪೆನ್ಷನ್, ರೇಡಿಯೇಟರ್ ಎಲ್ಲ ಹಳೆಯ ಎಂಜಿನ್‌ನ ಲೆಕ್ಕದಲ್ಲಿ ಮಾಡಿದವು. ಹಾರಿದ್ದನ್ನು ನಿಲ್ಲಿಸಲೂ ಬೇಕಲ್ಲ.

ತಕರಾರು ಖಂಡಿತ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಮೂದಿಸಿದ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿಯನ್ನು ಮಾಲೀಕ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಅಪಘಾತವಾದರೆ ವಿಮಾ ಕಂಪನಿ ಮೊದಲು ಕೆದಕುವುದೂ ಇಂಥದ್ದನ್ನೇ.

ಅದೇ ಮಾದರಿಯ ಎಂಜಿನ್ ಹಾಕುವವರೂ ಸಾಮಾನು ಕೊಳ್ಳುವ ಮುಂಚೆಯೇ ಆರ್‌ಟಿಒದಲ್ಲಿ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು, ಆಮೇಲೆ ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಗುಜರಿಯವನಿಂದ ಬಿಲ್ ಮತ್ತು ಆ ಎಂಜಿನ್ ಇದ್ದ ಗಾಡಿಯ ಕಾಗದಪತ್ರದ ಪ್ರತಿ ಕೇಳಿ ಪಡೆಯಿರಿ. ನಂಬರ್ ಉಜ್ಜಿ ಅಳಿಸಿದ್ದರೆ ಅದು ಕದ್ದ ಮಾಲು ಎಂದೇ ತಿಳಿದು ದೂರ ಇರಿ. ಹದಿನೈದು ವರ್ಷ ದಾಟಿದ ಕಾರು ಐದೈದು ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ನಂಬರ್ ತಾಳೆ ನೋಡುತ್ತಾರೆ. ಮುಚ್ಚಿಟ್ಟದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಗೇರ್‌ಬಾಕ್ಸ್ ಎಂಜಿನ್‌ಗೆ ಪೂರ್ತಿ ಕೂರುತ್ತಿಲ್ಲ, ಒಂದು ಬೆರಳಗಲ ಸಂದು ಉಳಿದಿದೆ. ಬೋಲ್ಟ್ ಬಿಗಿದು ಎಳೆದರೆ ಕೂರುತ್ತದೆ ಎಂದು ಗೆಳೆಯ ಹೇಳುತ್ತಾನೆ.
– ತುಮಕೂರು

ಉತ್ತರ: ಗೆಳೆಯನ ಕೈಯಿಂದ ಸ್ಪ್ಯಾನರ್ ಕಸಿದುಕೊಳ್ಳಿ. ಬೋಲ್ಟ್‌ನಿಂದ ಎಳೆದರೆ ಗೇರ್‌ಬಾಕ್ಸ್‌ನ ಅಲ್ಯೂಮಿನಿಯಂ ಕವಚದ ಕಿವಿ ಮುರಿಯುತ್ತದೆ. ಕ್ಲಚ್ ಪ್ಲೇಟ್ ನಡುವಿಗೆ ಕೂತಿಲ್ಲ, ಅದಕ್ಕೇ ಗೇರ್‌ಬಾಕ್ಸ್ ಶಾಫ್ಟ್‌ನ ಹಲ್ಲುಗಳಿಗೆ ದಾರಿ ಸಿಗುತ್ತಿಲ್ಲ. ಪ್ರೆಶರ್ ಪ್ಲೇಟ್ ಸಡಿಲಿಸಿ, ಅಲೈನ್‌ಮೆಂಟ್ ಟೂಲ್ ಅಥವಾ ಅದೇ ಅಳತೆಗೆ ತಿರುಗಿಸಿದ ಮರದ ಕೋಲು ತೂರಿಸಿ ಪ್ಲೇಟನ್ನು ನಡುವಿಗೆ ತಂದು ಮತ್ತೆ ಬಿಗಿಯಿರಿ. ಗೇರ್‌ಬಾಕ್ಸ್‌ನ ಭಾರ ಒಂದು ಕ್ಷಣವೂ ಆ ಶಾಫ್ಟ್ ಮೇಲೆ ನೇತಾಡಬಾರದು, ಕ್ಲಚ್ ಪ್ಲೇಟ್ ಬಾಗಿಹೋಗುತ್ತದೆ. ಎಲ್ಲ ಸರಿಯಿದ್ದರೆ ಬರಿಗೈಯಲ್ಲಿ ತುಸು ಅಲುಗಾಡಿಸಿದರೂ ಸಾಕು, ಒಳಗೆ ಸರಿಯುತ್ತದೆ.

ಪ್ರಶ್ನೆ: 800ರ ಎಂಜಿನ್ ನಾವೇ ಬದಲಿಸಿದೆವು. ಸ್ಟಾರ್ಟರ್ ನಿಧಾನವಾಗಿ ತಿರುಗುತ್ತದೆ. ವಿಚಿತ್ರವೆಂದರೆ ಕ್ಲಚ್ ಕೇಬಲ್ ಕೈಸುಡುವಷ್ಟು ಬಿಸಿಯಾಗಿ ಹೊಗೆ ಬಂತು. ಬ್ಯಾಟರಿ ಹೊಸದು.
– ಮಂಗಳೂರು

ಉತ್ತರ: ಎಂಜಿನ್ ಅಥವಾ ಗೇರ್‌ಬಾಕ್ಸ್‌ನಿಂದ ಬಾಡಿಗೆ ಬರುವ ಹೆಣೆದ ಅರ್ಥ್ ಪಟ್ಟಿ ನಿಮ್ಮ ಸಾಮಾನಿನ ಡಬ್ಬದಲ್ಲೇ ಉಳಿದಿದೆ, ಹುಡುಕಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ, ಅದರ ಮೂಲಕ ವಿದ್ಯುತ್ ಹರಿಯುವುದಿಲ್ಲ. ಸ್ಟಾರ್ಟರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ನೇರ ದಾರಿ ಇಲ್ಲದಿದ್ದರೆ ಅದು ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲ್‌ನ ಉಕ್ಕಿನ ತಂತಿ ಹಿಡಿದು ಬ್ಯಾಟರಿಗೆ ಮರಳುತ್ತದೆ. ಖಚಿತಪಡಿಸಿಕೊಳ್ಳಲು ಜಂಪರ್ ಕೇಬಲ್ ಒಂದನ್ನು ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ ಸಿಕ್ಕಿಸಿ ಸೆಲ್ಫ್ ಹೊಡೆಯಿರಿ. ಸ್ಟಾರ್ಟರ್ ಬಿರುಸಾಗಿ ತಿರುಗಿದರೆ ಅದೇ ಕಾರಣ. ಪಟ್ಟಿ ಕೂರಿಸುವ ಜಾಗದ ಬಣ್ಣ, ತುಕ್ಕು ಕೆರೆದು ಬಿಗಿಯಿರಿ. ಸುಟ್ಟ ಕೇಬಲನ್ನು ಮತ್ತೆ ಬಳಸಬೇಡಿ.

ಪ್ರಶ್ನೆ: ನಿವೃತ್ತರಾದ ಅಪ್ಪ ಕಾರ್ ಪೋರ್ಚಿನ ಮಾಳಿಗೆಯ ಕೊಕ್ಕೆಗೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಎತ್ತುತ್ತೇನೆ ಎನ್ನುತ್ತಿದ್ದಾರೆ. ನಮಗೆ ಭಯ. ಏನು ಹೇಳಲಿ?
– ಮಗಳು, ಮೈಸೂರು

ಉತ್ತರ: ಎತ್ತಲಿ, ಆದರೆ ಆ ಕೊಕ್ಕೆಯಿಂದ ಬೇಡ. ಅದನ್ನು ಫ್ಯಾನಿಗೋ ತೊಟ್ಟಿಲಿಗೋ ಬಿಟ್ಟಿರುತ್ತಾರೆ, ಒಳಗಿನ ಕಂಬಿ ಹೇಗಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಹಳ್ಳಿಯಲ್ಲಿ ಮಾವಿನ ಕೊಂಬೆಗೆ ಕಟ್ಟಿ ಎತ್ತುವವರಿದ್ದಾರೆ, ಅದನ್ನೂ ನಾನು ಒಪ್ಪುವುದಿಲ್ಲ. ಬೋರ್‌ವೆಲ್ ಮೋಟಾರ್ ಎತ್ತುವವರ ಹತ್ತಿರ ಕಬ್ಬಿಣದ ಮುಕ್ಕಾಲಿಯೂ ಚೈನ್ ಪುಲ್ಲಿಯೂ ಬಾಡಿಗೆಗೆ ಸಿಗುವುದುಂಟು, ವಿಚಾರಿಸಿ. ಸಣ್ಣ ಕಾರಿಗೆ ಒಂದು ಟನ್ನಿನ ಪುಲ್ಲಿ ಧಾರಾಳ. ಮುಕ್ಕಾಲಿಯ ಕಾಲುಗಳು ಜಾರದಂತೆ ಒಂದಕ್ಕೊಂದು ಸರಪಳಿ ಬಿಗಿದಿರಲಿ. ಎಂಜಿನ್ ಮೇಲೆದ್ದ ಮೇಲೆ ಮುಕ್ಕಾಲಿಯನ್ನು ಸರಿಸಬಾರದು, ಕಾರನ್ನೇ ಹಿಂದಕ್ಕೆ ತಳ್ಳಬೇಕು. ಆಮೇಲೆ ಎಂಜಿನ್ ತಕ್ಷಣ ನೆಲಕ್ಕಿಳಿಯಲಿ, ತೂಗುತ್ತಿರುವಾಗ ಅದರಡಿ ಕೈ ಹಾಕುವುದೂ ಬೇಡ.

ಒಬ್ಬರೇ ಮಾಡುವ ಕೆಲಸ ಇದಲ್ಲ, ನೀವು ಜೊತೆಗಿರಿ. ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯದೆ ಡಬ್ಬಕ್ಕೆ ತುಂಬಿ ಗ್ಯಾರೇಜಿಗೆ ಕೊಡಿ. ಕೂರಿಸಿದ ಮೇಲೆ ಮೊದಲ ಸಲ ಪ್ಲಗ್‌ಗಳನ್ನು ಬಿಚ್ಚಿ, ಇಗ್ನಿಷನ್ ಕಾಯಿಲ್‌ನ ವೈರ್ ಕಳಚಿಟ್ಟು, ಎಣ್ಣೆಯ ದೀಪ ಆರುವವರೆಗೆ ಬರೀ ಸ್ಟಾರ್ಟರ್ ತಿರುಗಿಸಲು ಹೇಳಿ. ಎಣ್ಣೆ ಬೇರಿಂಗ್‌ಗಳಿಗೆ ತಲುಪಿದ ಮೇಲೆ ಗಾಡಿ ಸ್ಟಾರ್ಟ್ ಆಗಲಿ. ಕಾರಿನಡಿ ಹೋಗುವುದಿದ್ದರೆ ಜ್ಯಾಕ್ ಸ್ಟ್ಯಾಂಡ್ ಇರಲೇಬೇಕು. ಅಪ್ಪ ಸಿಮೆಂಟಿನ ಹಾಲೋ ಬ್ಲಾಕ್ ಜೋಡಿಸಿ ಒಳಗೆ ನುಸುಳಲು ಹೊರಟರೆ ಕಾರಿನ ಕೀಲಿಯನ್ನಲ್ಲ, ಜ್ಯಾಕನ್ನೇ ಬಚ್ಚಿಡಿ.