ಮನೆಗೊಂದೇ ಮೊಬೈಲ್: ಪದವಿ ಓದಿಗೆ ಅದನ್ನು ಹೇಗೆ ಬಳಸೋಣ?

ನಮ್ಮ ಕಾಲೇಜಿನ ಗೇಟಿನೊಳಗೆ ಮೊಬೈಲ್ ತರುವಂತಿಲ್ಲ. ಈ ನಿಯಮ ನಮಗೆಲ್ಲ ಗೊತ್ತು. ಆದರೆ ದ್ವಿತೀಯ ಪಿಯುಸಿ ಮುಗಿಸಿ ಪದವಿಗೆ ಸೇರಲು ಹೋದ ದಿನ ಮೊದಲು ಕೇಳುವುದೇ ಮೊಬೈಲ್ ನಂಬರನ್ನು. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿವೆ. ಪ್ರವೇಶದಿಂದ ಪರೀಕ್ಷೆಯವರೆಗಿನ ಕೆಲಸಗಳು ಯುಯುಸಿಎಂಎಸ್ ಎಂಬ ಜಾಲತಾಣದಲ್ಲಿ ನಡೆಯುತ್ತವೆ. ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿ ಜಾಲತಾಣದಲ್ಲಿ, ನೋಟ್ಸ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ನಿನ್ನೆಯವರೆಗೆ ಬೇಡವಾಗಿದ್ದ ವಸ್ತು ಇಂದು ಬೇಕೇ ಬೇಕು. ಅದನ್ನು ಓದಿಗೆ ಹೇಗೆ ಬಳಸಬೇಕೆಂಬುದು ಮಾತ್ರ ಯಾವ ಪಠ್ಯದಲ್ಲೂ ಇಲ್ಲ. ಪದವಿಗೆ ಹೋಗುವ ಮುನ್ನ ನಾವೇ ಕಲಿತುಕೊಳ್ಳಬೇಕಾದ ಪಾಠ ಇದು.

ಬೆಳೆದು ಬಂದ ದಾರಿ

ಕಾಲೇಜು ಪಾಠಗಳನ್ನು ವಿಡಿಯೊ ಮಾಡಿ ಎಲ್ಲರಿಗೂ ಉಚಿತವಾಗಿ ಕೊಡುವ ಕೆಲಸವನ್ನು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದವು. ಅದೇ ಎನ್‌ಪಿಟಿಇಎಲ್. 2017ರ ಜುಲೈ 9ರಂದು ಕೇಂದ್ರ ಸರ್ಕಾರದ ಸ್ವಯಂ ಬಂತು. ಅದೇ ವರ್ಷ ಸೆಪ್ಟೆಂಬರ್ 5ರಂದು ಶಾಲಾ ಪಾಠಗಳಿಗಾಗಿ ದೀಕ್ಷಾ ಆ್ಯಪ್ ಬಂತು. 2020ರಲ್ಲಿ ಕೊರೊನಾದಿಂದ ಕಾಲೇಜುಗಳು ಮುಚ್ಚಿದಾಗ ಅಂಗೈಯಲ್ಲಿದ್ದ ಫೋನೇ ತರಗತಿಯಾಯಿತು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪ್ರಥಮ ದರ್ಜೆ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಯೋಜನೆಗೆ ಚಾಲನೆ ನೀಡಿತು. ಖಾಸಗಿ ಕಾಲೇಜಿನ ಮಕ್ಕಳಿಗೆ ಮನೆಯ ಫೋನೇ ಗತಿಯಾಯಿತು.

ವಾಣಿಜ್ಯ ವಿದ್ಯಾರ್ಥಿಗೆ ಏನು ಸಿಗುತ್ತದೆ?

ಎನ್‌ಸಿಇಆರ್‌ಟಿ ಪುಸ್ತಕಗಳು ಅದರ ಜಾಲತಾಣದಲ್ಲಿ ಇಂಗ್ಲಿಷ್, ಹಿಂದಿ, ಉರ್ದು ಮೂರರಲ್ಲೂ ಉಚಿತವಾಗಿವೆ. ಇದು ನಮ್ಮಲ್ಲಿ ಅನೇಕರಿಗೆ ಬಹಳ ಉಪಯೋಗದ ಸಂಗತಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಅಕೌಂಟೆನ್ಸಿ ಪುಸ್ತಕದಲ್ಲಿ ಇಂಗ್ಲಿಷ್ ಇರುವವರು ನಾವು. ಡಿಪ್ರಿಸಿಯೇಷನ್ ಎಂದರೆ ಕನ್ನಡದಲ್ಲಿ ಸವಕಳಿ, ಉರ್ದುವಿನಲ್ಲಿ ಫರ್ಸೂದಗಿ. ಮನೆಯಲ್ಲಿ ಹಳೆಯ ಚಪ್ಪಲಿ ನೋಡಿ ಅಮ್ಮಿ "ಘಿಸ್ ಗಯಾ" ಎನ್ನುವುದೂ ಅದೇ ಅರ್ಥ. ಒಂದು ಪದವನ್ನು ಮೂರು ಭಾಷೆಯಲ್ಲಿ ಹಿಡಿದರೆ ವ್ಯಾಖ್ಯಾನವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಫೋನಿನಲ್ಲಿ ಎರಡು ಪುಸ್ತಕ ಅಕ್ಕಪಕ್ಕ ತೆರೆದು ಇದನ್ನು ಮಾಡಬಹುದು.

ಸಿಎ ಓದುವ ಆಸೆ ಇರುವವರಿಗೆ ಐಸಿಎಐ ಸಂಸ್ಥೆ ಫೌಂಡೇಶನ್ ಹಂತದ ಪಠ್ಯವನ್ನೂ ನೇರ ತರಗತಿಗಳನ್ನೂ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ. ದಾವಣಗೆರೆಗೋ ಬೆಂಗಳೂರಿಗೋ ಹೋಗಿ ಕೋಚಿಂಗ್ ಶುಲ್ಕ ಕಟ್ಟಲಾಗದ ಹೊಳಲ್ಕೆರೆ, ಹೊಸದುರ್ಗದ ಹುಡುಗ ಹುಡುಗಿಯರಿಗೂ ಹೀಗೆ ಒಂದು ಬಾಗಿಲು ತೆರೆದಿದೆ.

ಸ್ವಯಂನಲ್ಲಿ ಪದವಿ ಮಟ್ಟದ ವಾಣಿಜ್ಯ ಕೋರ್ಸುಗಳಿವೆ. ಕಲಿಯಲು ಹಣ ಬೇಡ. ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಬೇಕು. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರಷ್ಟನ್ನು ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಆದ್ದರಿಂದ ಕೋರ್ಸಿಗೆ ಸೇರುವ ಮುನ್ನ ಅದರ ಕ್ರೆಡಿಟ್ ಲೆಕ್ಕಕ್ಕೆ ಬರುತ್ತದೆಯೇ ಎಂದು ನಮ್ಮ ಕಾಲೇಜಿನಲ್ಲಿ ಕೇಳಿಕೊಳ್ಳಬೇಕು.

ಮಾರಿಕಣಿವೆಯ ಪಾಠ

ಹಿರಿಯೂರಿನವರಿಗೆ ವಾಣಿವಿಲಾಸ ಸಾಗರದ ಬಗ್ಗೆ ಹೇಳಬೇಕಾಗಿಲ್ಲ. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಕೋಡಿ ಬೀಳದಿದ್ದರೂ ಸಂಗ್ರಹವಾದ ನೀರಿನಿಂದ ತೋಟಗಳು ಉಳಿದವು. ನಮ್ಮ ಕಡೆಯ ನೆಟ್‌ವರ್ಕ್ ಕೂಡ ಮಳೆಯ ಹಾಗೆಯೇ. ಪೇಟೆಯಲ್ಲಿ ಚೆನ್ನಾಗಿ ಬರುತ್ತದೆ, ಗುಡ್ಡದ ಹಿಂದಿನ ಹಳ್ಳಿಯಲ್ಲಿ ಮನೆಯ ಮಾಳಿಗೆ ಹತ್ತಬೇಕು. ಬಂದಾಗ ಹಿಡಿದಿಟ್ಟುಕೊಳ್ಳುವುದೇ ಉಪಾಯ.

ಒಂದು ಅಧ್ಯಾಯದ ಪಿಡಿಎಫ್ ಕೆಲವೇ ಎಂಬಿ. ಒಂದು ಗಂಟೆಯ ವಿಡಿಯೊ ನೂರಾರು ಎಂಬಿ ತಿನ್ನುತ್ತದೆ. ಆದ್ದರಿಂದ ಮೊದಲು ಪಿಡಿಎಫ್ ಓದಿ, ಅರ್ಥವಾಗದ ಭಾಗಕ್ಕೆ ಮಾತ್ರ ವಿಡಿಯೊ ನೋಡಬೇಕು. ವಿಡಿಯೊವನ್ನು ಕಡಿಮೆ ಗುಣಮಟ್ಟದಲ್ಲಿ ಇಳಿಸಿಕೊಂಡರೆ ಡೇಟಾ ಉಳಿಯುತ್ತದೆ, ಬೋರ್ಡಿನ ಮೇಲಿನ ಅಂಕಿಗಳೂ ಕಾಣುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡರೆ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬರುವ ಬಸ್ಸಿನಲ್ಲೂ ಎರಡು ಪ್ರಶ್ನೆ ಯೋಚಿಸಬಹುದು. ಲೆಕ್ಕವನ್ನು ಮಾತ್ರ ಪೆನ್ನು ಹಿಡಿದು ಕಾಗದದ ಮೇಲೇ ಮಾಡಬೇಕು. ಬೇರೆಯವರು ಬ್ಯಾಲೆನ್ಸ್ ಶೀಟ್ ಹೊಂದಿಸುವುದನ್ನು ಹತ್ತು ಸಲ ನೋಡಿದರೂ ನಮ್ಮ ಬ್ಯಾಲೆನ್ಸ್ ಶೀಟ್ ಹೊಂದುವುದಿಲ್ಲ.

ಖಾತೆ ಬರೆಯೋಣ

ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂಬ ಪಾಠವಿದೆ. ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆ ಅದು. ದಿನಕ್ಕೆ ಒಂದು ಗಂಟೆ ರೀಲ್ಸ್ ನೋಡಿದರೆ ವರ್ಷಕ್ಕೆ 365 ಗಂಟೆ. ದಿನಕ್ಕೆ 5 ಗಂಟೆಯ ಲೆಕ್ಕದಲ್ಲಿ ಅದು 73 ದಿನಗಳ ಓದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಭಾಗವಿದೆ. ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತೆಂದು ಅದು ತೋರಿಸುತ್ತದೆ. ಪ್ರತಿ ಭಾನುವಾರ ಅದನ್ನು ನೋಡಿ ಒಂದು ಬದಿಗೆ ಓದಿದ ಗಂಟೆ, ಇನ್ನೊಂದು ಬದಿಗೆ ಕಳೆದ ಗಂಟೆ ಬರೆಯಿರಿ. ಓದುವಾಗ ನೋಟಿಫಿಕೇಶನ್ ನಿಲ್ಲಿಸಿಡಿ. ಫೋನ್ ತೆರೆಯುವ ಮುನ್ನ ಏನು ಹುಡುಕಬೇಕೆಂದು ಕಾಗದದ ಮೇಲೆ ಬರೆದುಕೊಳ್ಳಿ. ಅದು ಸಿಕ್ಕ ಕೂಡಲೇ ಮುಚ್ಚಿ.

ಸರದಿ ಯಾರದು?

ಇಲ್ಲಿಯವರೆಗೆ ಹೇಳಿದ್ದೆಲ್ಲ ಫೋನ್ ಕೈಗೆ ಸಿಕ್ಕವರಿಗೆ. ನಮ್ಮ ಎಷ್ಟೋ ಮನೆಗಳಲ್ಲಿ ಒಳ್ಳೆಯ ಫೋನ್ ಒಂದೇ. ಹಗಲು ಅದು ಅಬ್ಬಾ ಜೊತೆ ಗ್ಯಾರೇಜಿಗೋ ಮಂಡಿಗೋ ಹೋಗುತ್ತದೆ. ಸಂಜೆ ಮನೆಗೆ ಬಂದರೆ ಮೊದಲು ಅಣ್ಣನ ಕೈಗೆ, ಆಮೇಲೆ ತಮ್ಮನ ಆಟಕ್ಕೆ. ಆಪಾ ಕೈಗೆ ಸಿಗುವ ಹೊತ್ತಿಗೆ ಇಶಾ ಮುಗಿದು, ಚಾರ್ಜೂ ಮುಗಿದಿರುತ್ತದೆ. "ಹುಡುಗಿಗೆ ಫೋನ್ ಯಾಕೆ?" ಎಂಬ ಮಾತೂ ಜೊತೆಗಿರುತ್ತದೆ.

ಈ ಪ್ರಶ್ನೆ ನೆರೆಯ ಕೇರಳದಲ್ಲಿ ಹೈಕೋರ್ಟಿನವರೆಗೆ ಹೋಗಿತ್ತು. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಬಿ.ಎ. ವಿದ್ಯಾರ್ಥಿನಿ ಫಹೀಮಾ ಶಿರಿನ್. ಆಕೆಯಿದ್ದ ಮಹಿಳಾ ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸುವಂತಿರಲಿಲ್ಲ. ಓದಿಗೆ ಫೋನ್ ಬೇಕೆಂದು ಆಕೆ ಆ ನಿಯಮ ಒಪ್ಪದಿದ್ದಾಗ ಹಾಸ್ಟೆಲ್‌ನಿಂದ ಹೊರಹಾಕಿದರು. 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ.ವಿ. ಆಶಾ ಅವರು ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿದರು. ಇಂಟರ್‌ನೆಟ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಬರುವ ಶಿಕ್ಷಣದ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದು ಎಂದರು. ಬಳಸುವಾಗ ಜೊತೆಯಲ್ಲಿರುವವರಿಗೆ ತೊಂದರೆಯಾಗಬಾರದು ಎಂಬುದೂ ಆ ತೀರ್ಪಿನಲ್ಲಿದೆ.

ಮನೆಯಲ್ಲಿ ಇದಕ್ಕೆ ಕೋರ್ಟು ಬೇಕಾಗಿಲ್ಲ. ಗೋಡೆಯ ಮೇಲೆ ಒಂದು ವೇಳಾಪಟ್ಟಿ ಸಾಕು. ಮಗ್ರಿಬ್ ನಂತರ ಒಂದು ಗಂಟೆ ಆಪಾಗೆ, ಮುಂದಿನ ಗಂಟೆ ಅಣ್ಣನಿಗೆ, ಫಜ್ರ್ ನಂತರ ಪರೀಕ್ಷೆ ಹತ್ತಿರವಿರುವವರಿಗೆ. ಹೆಸರು ಬರೆದ ಮೇಲೆ ಆ ಗಂಟೆ ಅವರದೇ. ಏನು ಓದಿದೆವೆಂದು ಅಮ್ಮಿಗೆ ತೋರಿಸಿದರೆ ಹಿರಿಯರ ಭಯವೂ ಕಡಿಮೆಯಾಗುತ್ತದೆ.

ನಂಬರ್ ಜೋಪಾನ

ಕೊನೆಯದಾಗಿ ಒಂದು ಎಚ್ಚರಿಕೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವಾಗ ಮೊಬೈಲಿಗೆ ಒಟಿಪಿ ಬರುತ್ತದೆ. ರೀಚಾರ್ಜ್ ಮಾಡದೆ ಸಿಮ್ ಹೋಗಿದ್ದರೆ, ಆಧಾರ್‌ನಲ್ಲಿ ಹಳೆಯ ನಂಬರ್ ಇದ್ದರೆ, ಸೈಬರ್ ಸೆಂಟರಿನವರು ತಮ್ಮ ನಂಬರ್ ಹಾಕಿದ್ದರೆ ಕೊನೆಯ ದಿನ ಅಲೆದಾಟ ತಪ್ಪದು. ಮನೆಯಲ್ಲಿ ಬದಲಾಗದ ಒಂದು ನಂಬರನ್ನು ಓದಿಗಾಗಿ ಮೀಸಲಿಡಿ. ಅದನ್ನೇ ಆಧಾರ್‌ಗೆ ಜೋಡಿಸಿ, ಪಾಸ್‌ವರ್ಡ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದು ಅಮ್ಮಿಯ ಬೀರುವಿನಲ್ಲಿಡಿ. ಡಿಜಿಲಾಕರ್ ಖಾತೆ ತೆರೆದು ಅಂಕಪಟ್ಟಿ ಇಳಿಸಿಕೊಳ್ಳಿ. ಒಟಿಪಿಯನ್ನು ಯಾರು ಫೋನ್ ಮಾಡಿ ಕೇಳಿದರೂ ಹೇಳಬೇಡಿ.

ದ್ವಿತೀಯ ಪಿಯುಸಿ ಸ್ನೇಹಿತರೇ, ಪರೀಕ್ಷೆ ಮುಗಿದ ಮೊದಲ ವಾರದಲ್ಲಿಯೇ ಈ ಮೂರು ಕೆಲಸ ಮುಗಿಸಿ: ಆಧಾರ್‌ನಲ್ಲಿರುವ ನಂಬರ್ ಪರಿಶೀಲನೆ, ಡಿಜಿಲಾಕರ್ ಖಾತೆ, ಗೋಡೆಯ ಮೇಲಿನ ವೇಳಾಪಟ್ಟಿ. ಆ ಪಟ್ಟಿಯಲ್ಲಿ ಮೊದಲ ಹೆಸರು ಅಕ್ಕನದೋ ತಂಗಿಯದೋ ಇರಲಿ.