ಗುಳ್ಳದ ಬೀಜ ಯಾರದು?

ಗುಳ್ಳ ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಉಡುಪಿ ಪೇಟೆಯಲ್ಲಿ ಉಂಟು. ಕಾಪು, ಕಾರ್ಕಳದ ಸಂತೆಗೂ ಬರುತ್ತದೆ. ಮಣಿಪಾಲದ ತರಕಾರಿ ಅಂಗಡಿಯಲ್ಲಿಯೂ ಸಿಗುತ್ತದೆ. ಹುಳಿ ಮಾಡಿದರೂ ಆಯಿತು. ಪೋಡಿ ಕರಿದರೂ ಆಯಿತು. ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಿದರೂ ಆಯಿತು.

ಈ ಪಾಠ ಗುಳ್ಳದ ಅಡುಗೆಯದ್ದಲ್ಲ. ಅಡುಗೆ ನೀವೇ ನನಗೆ ಕಲಿಸುವಿರಿ. ಇದು ಗುಳ್ಳದ ಹೂವು, ಗುಳ್ಳದ ಹುಳ, ಗುಳ್ಳದ ಬೀಜ – ಈ ಮೂರರ ಪಾಠ. ಈ ಮೂರನ್ನೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಭ್ಯಾಸ ಮಾಡಿದ್ದಾರೆ. ಅದರಿಂದ ದೊಡ್ಡ ಚರ್ಚೆ ಎದ್ದಿತು. ಚರ್ಚೆ ದೆಹಲಿಯವರೆಗೂ ಹೋಯಿತು. ನಮ್ಮ ಬೈಲಿನ ಒಂದು ಬದನೆ ದೆಹಲಿಗೆ ಹೋದದ್ದು ಹೇಗೆ? ನಿಧಾನವಾಗಿ ಓದೋಣ. ಒಮ್ಮೆ ತಿಳಿಯದಿದ್ದರೆ ಇನ್ನೊಮ್ಮೆ ಓದಿರಿ. ಬೆರಳಿಟ್ಟು ಓದಿದರೂ ನಾಚಿಕೆ ಏನಿಲ್ಲ.

ಮಟ್ಟು ಎಂಬ ಊರು

ಕಾಪು ತಾಲೂಕಿನಲ್ಲಿ ಕಟಪಾಡಿಯ ಹತ್ತಿರ ಮಟ್ಟು ಎಂಬ ಊರು ಉಂಟು. ಒಂದು ಬದಿಗೆ ಅರಬ್ಬೀ ಸಮುದ್ರ. ಇನ್ನೊಂದು ಬದಿಗೆ ಹೊಳೆ. ನಡುವೆ ಮರಳು ಸೇರಿದ ಮಣ್ಣು. ಮಳೆ ಕಳೆದು ಗದ್ದೆ ಖಾಲಿಯಾದ ಮೇಲೆ ಅಲ್ಲಿ ಗುಳ್ಳದ ನಟ್ಟಿ. ಮಟ್ಟು ಗುಳ್ಳ ಉರುಟು. ಬಣ್ಣ ತಿಳಿ ಹಸಿರು, ಮೈಮೇಲೆ ಬಿಳಿ ಗೀರು. ಸಿಪ್ಪೆ ತೆಳು. ತೊಟ್ಟಿನಲ್ಲಿ ಮುಳ್ಳು.

ಸೋದೆ ಮಠದ ವಾದಿರಾಜ ಸ್ವಾಮಿಗಳು ಈ ಬೀಜವನ್ನು ಮಟ್ಟಿನವರಿಗೆ ಕೊಟ್ಟರು ಎಂದು ಹಿರಿಯರು ಹೇಳುತ್ತಾರೆ. ಅವರು ಹದಿನಾರನೇ ಶತಮಾನದವರು. ಉಡುಪಿಯ ಪರ್ಯಾಯಕ್ಕೆ ಹೊರೆಕಾಣಿಕೆಯಲ್ಲಿ ಇಂದಿಗೂ ಮಟ್ಟು ಗುಳ್ಳ ಹೋಗುತ್ತದೆ.

2011ರಲ್ಲಿ ಮಟ್ಟು ಗುಳ್ಳಕ್ಕೆ 'ಭೌಗೋಳಿಕ ಗುರುತು' ಸಿಕ್ಕಿತು. ಹಾಗೆಂದರೆ ಎಂತ? ಬೇರೆ ಊರಿನ ಬದನೆಗೆ ಮಟ್ಟು ಗುಳ್ಳ ಎಂಬ ಹೆಸರು ಹಾಕಿ ಮಾರುವ ಹಾಗಿಲ್ಲ ಎಂದು ಅರ್ಥ. ನಮ್ಮ ಶಂಕರಪುರದ ಮಲ್ಲಿಗೆಗೂ ಇಂಥ ಗುರುತು ಉಂಟು. ಈಗ ಮಟ್ಟಿನ ಬೆಳೆಗಾರರು ಗುಳ್ಳಕ್ಕೆ ಚೀಟಿ ಅಂಟಿಸಿ ಮಾರುತ್ತಾರೆ. ಇನ್ನು ಮೇಲೆ ಕೊಳ್ಳುವಾಗ ಆ ಚೀಟಿ ಓದಿ ನೋಡಿರಿ. ಓದಲು ಈಗ ನಿಮಗೆ ಬರುತ್ತದೆ.

ಹೂವು

"ಟೀಚರೇ, ಬದನೆ ಗಿಡದಲ್ಲಿ ಹೂ ರಾಶಿ ಬಿಡುತ್ತದೆ. ಅರ್ಧಕ್ಕರ್ಧ ಉದುರುತ್ತದೆ. ದೃಷ್ಟಿ ತಾಗುವುದಾ?" ಎಂದು ಒಬ್ಬ ಅಕ್ಕ ಕೇಳಿದರು.

ದೃಷ್ಟಿ ಅಲ್ಲ. ನಾಳೆ ಬೆಳಿಗ್ಗೆ ಒಂದು ಹೂವನ್ನು ಹತ್ತಿರದಿಂದ ನೋಡಿರಿ. ನಡುವೆ ಹಳದಿ ಬಣ್ಣದ ಕೇಸರಗಳು ಗುಂಪಾಗಿ ನಿಂತಿರುತ್ತವೆ. ಅವುಗಳಲ್ಲಿ ಪರಾಗ ಎಂಬ ಪುಡಿ ಉಂಟು. ಅದು ಗಂಡು. ಕೇಸರಗಳ ನಡುವಿನಿಂದ ಹಸಿರು ಎಳೆಯೊಂದು ಮೇಲೆ ಬಂದಿರುತ್ತದೆ. ಅದು ಹೆಣ್ಣು. ಒಂದೇ ಹೂವಿನಲ್ಲಿ ಎರಡೂ ಉಂಟು.

ಎಲ್ಲ ಹೂವಿನಲ್ಲಿ ಹಸಿರು ಎಳೆ ಒಂದೇ ಉದ್ದ ಇರುವುದಿಲ್ಲ. ಕೆಲವು ಹೂವಿನಲ್ಲಿ ಅದು ಕೇಸರಕ್ಕಿಂತ ಮೇಲೆ ಚಾಚಿರುತ್ತದೆ. ಅಂಥ ಹೂವು ಕಾಯಿ ಆಗುತ್ತದೆ. ಕೆಲವದರಲ್ಲಿ ಎಳೆ ಗಿಡ್ಡ, ಒಳಗೇ ಅಡಗಿರುತ್ತದೆ. ಪರಾಗ ಹೊರಗೆ ಬರುವುದು ಕೇಸರದ ತುದಿಯ ಸಣ್ಣ ತೂತಿನಿಂದ. ಕೆಳಗೆ ಅಡಗಿದ ಎಳೆಗೆ ಅದು ಸರಿಯಾಗಿ ತಾಗುವುದಿಲ್ಲ. ಆ ಹೂವು ಉದುರುತ್ತದೆ. ಗಿಡದಲ್ಲಿ ಆಗಲೇ ಕಾಯಿ ತುಂಬಿದ್ದರೆ ಇಂಥ ಗಿಡ್ಡ ಎಳೆಯ ಹೂವು ಹೆಚ್ಚು. ಹೊರಲಾರದ ಹೊರೆಯನ್ನು ಗಿಡವೇ ಇಳಿಸುತ್ತದೆ ಎನ್ನಿ.

ಇನ್ನೊಂದು ಚಂದ ಉಂಟು. ದೊಡ್ಡ ಕರಿ ದುಂಬಿ ಬದನೆ ಹೂವಿಗೆ ಬರುವುದನ್ನು ನೋಡಿದ್ದೀರಲ್ಲವಾ? ಅದು ಹೂವನ್ನು ಗಟ್ಟಿ ಹಿಡಿದು ಜುಂಯ್ ಎಂದು ಮೈ ನಡುಗಿಸುತ್ತದೆ. ಜರಡಿ ಆಡಿಸಿದ ಹಾಗೆ ಪುಡಿ ಉದುರುತ್ತದೆ. ಹೆಚ್ಚಾಗಿ ಆ ಪುಡಿ ಅದೇ ಗಿಡದ್ದು. ಆದರೆ ದುಂಬಿ ಪಕ್ಕದ ಮನೆಯ ನೇರಳೆ ಬದನೆಯಿಂದಲೂ ಪುಡಿ ತರಬಹುದು. ಆಗ ಎಂತ ಆಗುತ್ತದೆ? ಈ ವರ್ಷದ ಕಾಯಿ ಗುಳ್ಳದ ಹಾಗೇ ಕಾಣುತ್ತದೆ. ಬೆರಕೆ ಇರುವುದು ಅದರ ಒಳಗಿನ ಬೀಜದಲ್ಲಿ. ಮುಂದಿನ ವರ್ಷ ಆ ಬೀಜ ಹಾಕಿದಾಗ "ಅಯ್ಯೋ, ಇದು ಎಂಥ ಗುಳ್ಳ ಮಾರಾಯ್ತಿ!" ಎನ್ನುತ್ತೇವೆ. ಅದಕ್ಕಾಗಿಯೇ ಮಾರಾಟದ ಬದನೆ ಬೀಜ ಬೆಳೆಯುವಾಗ ಬೇರೆ ಜಾತಿಯ ಬದನೆ 100 ಮೀಟರಿನ ಒಳಗೆ ಇರಬಾರದು ಎಂದು ಬೀಜ ಪರೀಕ್ಷೆಯ ನಿಯಮ ಹೇಳುತ್ತದೆ.

ನಮ್ಮ ಹಿರಿಯ ಹೆಂಗಸರು ಬೀಜ ಇಡುವ ಕ್ರಮ ನಿಮಗೆ ಗೊತ್ತುಂಟು. ಒಳ್ಳೆ ಗಿಡದ ಒಳ್ಳೆ ಕಾಯಿಯನ್ನು ಕೊಯ್ಯದೆ ಬಿಡಬೇಕು. ಅದು ಹಳದಿಯಾಗಿ ಹಣ್ಣಾಗಬೇಕು. ಬೀಜ ತೆಗೆದು ನೀರಿನಲ್ಲಿ ತೊಳೆಯಬೇಕು. ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ. ಗಟ್ಟಿ ಬೀಜವನ್ನು ಒಣಗಿಸಿ ಬೂದಿ ಬೆರೆಸಿ ಇಡಬೇಕು. ಯಾವ ಗಿಡ ಒಳ್ಳೆಯದು ಎಂದು ವರ್ಷ ವರ್ಷ ನೋಡಿ ಆರಿಸುವ ಕೆಲಸಕ್ಕೆ ವಿಶ್ವವಿದ್ಯಾಲಯದಲ್ಲಿ 'ಆಯ್ಕೆ' ಎಂದು ಹೆಸರು. ಅಲ್ಲಿ ಅದನ್ನು ಬರೆದಿಡುತ್ತಾರೆ. ನಾವು ಬರೆದಿಡಲಿಲ್ಲ. ವ್ಯತ್ಯಾಸ ಮುಖ್ಯವಾಗಿ ಅಷ್ಟೇ ಎಂದು ನನಗೆ ಅನ್ನಿಸುತ್ತದೆ.

ಹುಳ

ಗುಳ್ಳವನ್ನು ಕೊಯ್ದರೆ ಒಳಗೆ ಹುಳ. ಹೊರಗೆ ಒಂದೇ ಒಂದು ತೂತು. ಹುಳ ಹೋದದ್ದು ಯಾವಾಗ?

ಇದು ಕುಡಿ ಮತ್ತು ಕಾಯಿ ಕೊರೆಯುವ ಹುಳ. ಇದರ ತಾಯಿ ಒಂದು ಸಣ್ಣ ಬಿಳಿ ಚಿಟ್ಟೆ. ರಾತ್ರಿ ಹೊತ್ತು ಎಲೆ, ಕುಡಿ, ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತದೆ. ಮೂರರಿಂದ ಐದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿ ಹುಳ ಸ್ವಲ್ಪ ಹೊತ್ತಿನಲ್ಲಿಯೇ ಕುಡಿ ಅಥವಾ ಕಾಯಿ ಕೊರೆದು ಒಳಗೆ ಹೋಗುತ್ತದೆ. ಹೋದ ತೂತನ್ನು ತನ್ನ ಹಿಕ್ಕೆಯಿಂದ ಮುಚ್ಚುತ್ತದೆ. ಸುಮಾರು ಎರಡು ವಾರ ಒಳಗೇ ತಿನ್ನುತ್ತದೆ. ನಾವು ನೋಡುವ ದೊಡ್ಡ ತೂತು ಅದು ಹೊರಗೆ ಬಂದ ದಾರಿ. ಮತ್ತೆ ಕೆಳಗಿಳಿದು ತರಗೆಲೆಯ ನಡುವೆ ಗೂಡು ಕಟ್ಟುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಚಿಟ್ಟೆಯಾಗಿ ಹಾರುತ್ತದೆ.

ಈಗ ಯೋಚಿಸಿರಿ. ಹುಳ ಒಳಗೆ ಕೂತಿದೆ. ಮದ್ದು ಬಿಡುವುದು ಹೊರಗೆ. ಮದ್ದು ಹುಳಕ್ಕೆ ತಾಗುವುದು ಹೇಗೆ? ತಾಗಲಿಲ್ಲ ಎಂದು ಇನ್ನೊಮ್ಮೆ ಬಿಡುತ್ತಾರೆ, ಮತ್ತೊಮ್ಮೆ ಬಿಡುತ್ತಾರೆ. ಅದು ನಮ್ಮ ಹುಳಿಯ ಪಾತ್ರೆಗೂ ಬರುತ್ತದೆ.

ಮದ್ದಿನ ಡಬ್ಬಿಯ ಮೇಲೆ ಓರೆಯಾಗಿ ನಿಂತ ಒಂದು ಚೌಕ ಉಂಟು. ಅದರ ಕೆಳಗಿನ ಅರ್ಧದ ಬಣ್ಣ ನೋಡಿರಿ. ಕೆಂಪು ಎಂದರೆ ಅತಿ ಘೋರ ವಿಷ. ಹಳದಿ ಅದಕ್ಕಿಂತ ಕಡಿಮೆ. ನೀಲಿ ಇನ್ನೂ ಕಡಿಮೆ. ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಎಂದರೂ ಅದು ಮದ್ದೇ, ಕುಡಿಯುವ ನೀರಲ್ಲ. ಮದ್ದು ಬಿಟ್ಟು ಎಷ್ಟು ದಿನದ ಮೇಲೆ ಕಾಯಿ ಕೊಯ್ಯಬೇಕು ಎಂಬುದನ್ನು ಚೀಟಿಯಲ್ಲಿ ಓದಿರಿ. ಗಂಡಸರು ಓದದಿದ್ದರೆ ನೀವೇ ಓದಿ ಹೇಳಿರಿ.

ವಿಜ್ಞಾನಿಗಳು ಬೇರೆ ದಾರಿಯನ್ನೂ ಹೇಳುತ್ತಾರೆ. ಬಾಡಿದ ಕುಡಿ ಕಂಡ ಕೂಡಲೇ ಚಿವುಟಿ ಸುಡಬೇಕು. ತೂತಾದ ಕಾಯಿಯನ್ನು ಗದ್ದೆ ಬದಿಗೆ ಬಿಸಾಡಬಾರದು. 'ಮೋಹಕ ಬಲೆ' ಎಂಬುದೂ ಉಂಟು. ಅದರಲ್ಲಿ ಹೆಣ್ಣು ಚಿಟ್ಟೆಯ ವಾಸನೆಯನ್ನು ಇಟ್ಟಿರುತ್ತಾರೆ. ಗಂಡು ಚಿಟ್ಟೆಗಳು ಮೋಸಹೋಗಿ ಬಂದು ಬೀಳುತ್ತವೆ. ಆದರೆ ಇದನ್ನೆಲ್ಲ ಇಡೀ ಬೈಲಿನವರು ಸೇರಿ ಮಾಡಬೇಕು. ಚಿಟ್ಟೆಗೆ ಗಡಿಕಲ್ಲು ಗೊತ್ತಿಲ್ಲ.

ಧಾರವಾಡದ ಕೆಲಸ

ಇಲ್ಲಿಂದ ಕತೆ ಧಾರವಾಡಕ್ಕೆ ಹೋಗುತ್ತದೆ. ಅಲ್ಲಿ 1986ರಲ್ಲಿ ಕೃಷಿ ವಿಶ್ವವಿದ್ಯಾಲಯ ಶುರುವಾಯಿತು. ಹುಳವನ್ನು ಗಿಡವೇ ತಡೆಯುವ ಹಾಗೆ ಮಾಡಬಹುದೇ ಎಂದು ವಿಜ್ಞಾನಿಗಳು ಯೋಚಿಸುತ್ತಿದ್ದ ಕಾಲ.

ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ ಉಂಟು. ಅದರ ಹೆಸರನ್ನು ಚಿಕ್ಕದಾಗಿ 'ಬಿಟಿ' ಎನ್ನುತ್ತಾರೆ. 1901ರಲ್ಲಿ ಜಪಾನಿನಲ್ಲಿ ರೇಷ್ಮೆ ಹುಳ ಸಾಯುವುದು ಏಕೆ ಎಂದು ಹುಡುಕುವಾಗ ಇದು ಮೊದಲು ಕಂಡಿತು. ಇದು ಮಾಡುವ ಒಂದು ವಸ್ತು ಹುಳದ ಕರುಳಿನಲ್ಲಿ ತೂತು ಮಾಡುತ್ತದೆ. ಹುಳ ತಿನ್ನುವುದನ್ನು ನಿಲ್ಲಿಸಿ ಸಾಯುತ್ತದೆ. ಆ ವಸ್ತುವನ್ನು ಮಾಡುವ ಗುಣವನ್ನೇ ಸೂಕ್ಷ್ಮಜೀವಿಯಿಂದ ತೆಗೆದು ಬದನೆ ಗಿಡದೊಳಗೆ ಸೇರಿಸಿದರು. ಮಹಾರಾಷ್ಟ್ರದ ಮಹಿಕೋ ಎಂಬ ಬೀಜ ಕಂಪೆನಿ ಇದನ್ನು ಮಾಡಿತು. ಅದೇ ಬಿಟಿ ಬದನೆ.

2005ರಲ್ಲಿ ಧಾರವಾಡದ ವಿಶ್ವವಿದ್ಯಾಲಯವು ಆ ಕಂಪೆನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಈ ಗುಣವನ್ನು ನಮ್ಮ ರಾಜ್ಯದ ಆರು ಊರ ಬದನೆಗಳಿಗೆ ಸೇರಿಸುವ ಕೆಲಸ ನಡೆಯಿತು. ಆರರಲ್ಲಿ ಒಂದು ಉಡುಪಿಯ ಗುಳ್ಳ.

ಸೇರಿಸುವುದು ಹೇಗೆ? ಬಿಟಿ ಬದನೆಯ ಪರಾಗವನ್ನು ಗುಳ್ಳದ ಹೂವಿಗೆ ಕೈಯಿಂದ ತಾಗಿಸುತ್ತಾರೆ. ಹುಟ್ಟಿದ ಗಿಡ ಅರ್ಧ ಗುಳ್ಳ, ಅರ್ಧ ಹೊರಗಿನದು. ಅದನ್ನು ಮತ್ತೆ ಗುಳ್ಳದ ಜೊತೆ ಕೂಡಿಸುತ್ತಾರೆ. ಆಗ ಹೊರಗಿನದು ನಾಲ್ಕರಲ್ಲಿ ಒಂದು ಪಾಲು. ಮತ್ತೆ ಕೂಡಿಸಿದರೆ ಎಂಟರಲ್ಲಿ ಒಂದು. ಲೆಕ್ಕ ಮುಂದುವರಿಸಿರಿ: 16ರಲ್ಲಿ ಒಂದು, 32ರಲ್ಲಿ ಒಂದು. ಆರನೇ ಸಲಕ್ಕೆ 64ರಲ್ಲಿ ಒಂದು. ಪ್ರತಿ ಸಲ ಪರೀಕ್ಷೆ ಮಾಡಿ, ಹುಳ ತಡೆಯುವ ಗುಣ ಇರುವ ಗಿಡವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಕೊನೆಗೆ ಗಿಡ ಹೆಚ್ಚು ಕಡಿಮೆ ಗುಳ್ಳವೇ. ಒಂದು ಗುಣ ಮಾತ್ರ ಹೊರಗಿನದು.

2009ರ ಅಕ್ಟೋಬರಿನಲ್ಲಿ ಕೇಂದ್ರದ ಒಂದು ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ದೇಶದಲ್ಲಿ ಗದ್ದಲ ಎದ್ದಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಜನರ ಸಭೆ ಕರೆದರು. ಕೊನೆಯ ಸಭೆ ಬೆಂಗಳೂರಿನಲ್ಲಿ, 2010ರ ಫೆಬ್ರವರಿ 6ರಂದು. ಒಪ್ಪಿದವರು ಹೇಳಿದರು: "ವಿಷದ ಮದ್ದು ಕಡಿಮೆ ಆಗುತ್ತದೆ. ಬೆಳೆ ಉಳಿಯುತ್ತದೆ. ವಿಶ್ವವಿದ್ಯಾಲಯ ಮಾಡುವುದು ಹೈಬ್ರಿಡ್ ಅಲ್ಲ, ರೈತರು ಬೀಜ ಇಟ್ಟುಕೊಳ್ಳಬಹುದು." ಒಪ್ಪದವರು ಹೇಳಿದರು: "ತಿಂದವರ ಆರೋಗ್ಯದ ಪರೀಕ್ಷೆ ಸಾಲದು. ದುಂಬಿ ಪರಾಗ ಹೊತ್ತು ಹೋದರೆ ನಮ್ಮ ಊರ ಬದನೆ ಬೆರಕೆಯಾಗುತ್ತದೆ. ಮತ್ತೆ ಬೇರ್ಪಡಿಸಲು ಬರುವುದಿಲ್ಲ." ಹೂವಿನ ಪಾಠ ಓದಿದ ನಿಮಗೆ ಈ ಮಾತು ತಿಳಿಯುತ್ತದೆ. ಫೆಬ್ರವರಿ 9ರಂದು ಸಚಿವರು ಬಿಟಿ ಬದನೆಯನ್ನು ತಡೆದರು. ಬಾಂಗ್ಲಾದೇಶ ಮಾತ್ರ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ರೈತರು 2014ರಿಂದ ಬೆಳೆಯುತ್ತಿದ್ದಾರೆ.

ಇಬ್ಬರ ಮಾತಿನಲ್ಲಿಯೂ ಹುರುಳು ಉಂಟು. ವಿಷದ ಮದ್ದು ಬಿಡುವ ಕೈಗಳನ್ನು ನಾನು ನೋಡಿದ್ದೇನೆ. ಬೀಜ ಕಳೆದುಕೊಂಡ ಮನೆಗಳನ್ನೂ ನೋಡಿದ್ದೇನೆ. ಯಾವುದು ಸರಿ ಎಂದು ತರಗತಿಯಲ್ಲಿ ನೀವೇ ಮಾತಾಡಿರಿ.

ಕೇಳಿದರೇ?

2010ರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಅದು ಹುಳದ್ದಲ್ಲ, ಹಕ್ಕಿನದ್ದು. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾನೂನು ಉಂಟು. ಊರಿನ ಗಿಡ, ಪ್ರಾಣಿ, ಬೀಜಗಳನ್ನು ಬಳಸುವ ಬಗ್ಗೆ ತೀರ್ಮಾನ ಮಾಡುವಾಗ ಊರಿನ ಸಮಿತಿಯನ್ನು ಕೇಳಬೇಕು ಎಂದು ಅದರಲ್ಲಿ ಬರೆದಿದೆ. ಊರ ಬದನೆಗಳನ್ನು ಬಳಸುವಾಗ ಹೀಗೆ ಒಪ್ಪಿಗೆ ಪಡೆಯಲಿಲ್ಲ ಎಂದು ಒಂದು ಪರಿಸರ ಸಂಘಟನೆ ದೂರು ಕೊಟ್ಟಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿತು. ವಿಷಯ ನ್ಯಾಯಾಲಯಕ್ಕೂ ಹೋಯಿತು.

"ನಮ್ಮ ಊರಿನ ಸಮಿತಿ ಅಂದರೆ ಎಲ್ಲಿ?" ಎಂದು ಕೇಳುವಿರಿ. ಪಂಚಾಯತಿಯಲ್ಲಿ. ಅದಕ್ಕೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಂದು ಹೆಸರು. ಅದರಲ್ಲಿ ನೇಮಕವಾಗುವ ಸದಸ್ಯರಲ್ಲಿ ಮೂರರಲ್ಲಿ ಒಂದು ಪಾಲಾದರೂ ಮಹಿಳೆಯರು ಇರಬೇಕು ಎಂದು 2004ರ ನಿಯಮದಲ್ಲಿ ಬರೆದಿದ್ದರು. ಊರಿನ ಬೀಜ, ಗಿಡ, ಮದ್ದಿನ ಸೊಪ್ಪು, ಮೀನು, ದನ – ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯುವುದು ಈ ಸಮಿತಿಯ ಕೆಲಸ. ಪುಸ್ತಕದ ಹೆಸರು ಜನತಾ ಜೀವವೈವಿಧ್ಯ ದಾಖಲಾತಿ. 2001ರ ಇನ್ನೊಂದು ಕಾನೂನಿನಂತೆ ರೈತರು ತಮ್ಮ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು. ಕಂಪೆನಿಯ ಹೆಸರು ಹಾಕಿ ಮಾತ್ರ ಮಾರುವಂತಿಲ್ಲ.

ವಿಶ್ವವಿದ್ಯಾಲಯದ ಎಲ್ಲ ಕೆಲಸವೂ ಜಗಳದ್ದಲ್ಲ. ಬದನೆ ಗಿಡ ಇದ್ದಕ್ಕಿದ್ದಂತೆ ಬಾಡಿ ಸಾಯುವ ಸೊರಗು ರೋಗ ಉಂಟಲ್ಲ? ಅದಕ್ಕೆ ಕಾಡಿನ ಸುಂಡೆ ಗಿಡದ ಬೇರಿಗೆ ಬದನೆಯ ಕುಡಿಯನ್ನು ಕಸಿ ಕಟ್ಟುತ್ತಾರೆ. ಸುಂಡೆಯ ಬೇರು ರೋಗವನ್ನು ತಡೆಯುತ್ತದೆ. ಮೇಲೆ ಬಿಡುವ ಕಾಯಿ ಗುಳ್ಳದ್ದೇ, ಬೀಜವೂ ಗುಳ್ಳದ್ದೇ. ಕಸಿ ಕಟ್ಟಲು ಕಲಿಯುವ ಮನಸ್ಸಿದ್ದರೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಕೇಳಿರಿ. ನಾಲ್ಕು ಜನ ಸೇರಿ ಹೋದರೆ ಧೈರ್ಯ.

ಬರೆಯೋಣ

ನಿಮ್ಮ ಮನೆಯಲ್ಲಿ ಇಟ್ಟಿರುವ ಒಂದು ಬೀಜವನ್ನು ನೆನಪು ಮಾಡಿಕೊಳ್ಳಿರಿ. ಗುಳ್ಳ, ಬಸಳೆ, ಹೀರೆ, ಸೌತೆ – ಯಾವುದೂ ಆಗಬಹುದು. ಕೆಳಗಿನ ಸಾಲುಗಳನ್ನು ತುಂಬಿರಿ.

ಬೀಜದ ಹೆಸರು: ..............................
ತುಳುವಿನಲ್ಲಿ ಅಥವಾ ಮನೆಮಾತಿನಲ್ಲಿ ಹೆಸರು: ..............................
ನನಗೆ ಕೊಟ್ಟವರು: ..............................
ಎಷ್ಟು ವರ್ಷದಿಂದ ನನ್ನಲ್ಲಿ ಉಂಟು: ..............................
ಬಿತ್ತುವ ತಿಂಗಳು: ..............................
ಇದರ ವಿಶೇಷ: ..............................
ಬರೆದವರ ಸಹಿ: ..............................

ಇದರ ಇನ್ನೊಂದು ಪ್ರತಿ ಬರೆಯಿರಿ. ಒಂದು ನಿಮ್ಮಲ್ಲಿ ಇರಲಿ, ಒಂದನ್ನು ಪಂಚಾಯತಿಗೆ ಕೊಡಿರಿ. ಕೊಟ್ಟದ್ದಕ್ಕೆ ರಶೀದಿ ಕೇಳಲು ಮರೆಯಬೇಡಿರಿ.