ಹಣ್ಣುನೊಣದ ಹೊಟ್ಟೆಯಲ್ಲಿರುವ ಜೊತೆಗಾರರು

ಮಾವಿನ ಹಣ್ಣು ಹೊರಗಿಂದ ಚೆನ್ನಾಗೇ ಕಾಣುತ್ತೆ. ಕೊಯ್ದು ನೋಡಿದರೆ ತಿರುಳೆಲ್ಲ ನೀರು ನೀರು, ನಡುವೆ ಬಿಳಿ ಹುಳ. ಹುಳ ತಿಂದಿದ್ದಕ್ಕೇ ಹಣ್ಣು ಕೊಳೆಯಿತು ಅಂತ ನಾವು ಅಂದುಕೊಳ್ತೀವಿ. ಅದು ಅರ್ಧ ನಿಜ ಅಷ್ಟೇ. ಉಳಿದರ್ಧ ಕೆಲಸ ನೊಣದ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾದ್ದು.

ತಾಯಿ ಕಟ್ಟಿಕೊಡುವ ಬುತ್ತಿ

ನಮ್ಮ ಮಾವು, ಸೀಬೆಗೆ ಕಾಟ ಕೊಡುವ ಹಣ್ಣುನೊಣದ ಹೆಸರು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಹೆಣ್ಣು ನೊಣ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಜೊತೆಗೇ ತನ್ನ ಕರುಳಿನ ಎಂಟರೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾವನ್ನೂ ಹಣ್ಣಿಗೆ ಸೇರಿಸುತ್ತದೆ. ಇವು ತಿರುಳನ್ನು ಮೆತ್ತಗೆ ಮಾಡುತ್ತವೆ. ಹಣ್ಣಿನಲ್ಲಿ ಸಕ್ಕರೆ ಬೇಕಾದಷ್ಟಿದ್ದರೂ ಪ್ರೋಟೀನ್ ಕಡಿಮೆ. ಆ ಕೊರತೆ ತುಂಬಲು ಮರಿಹುಳುವಿಗೆ ಬ್ಯಾಕ್ಟೀರಿಯಾ ನೆರವಾಗುತ್ತದೆ.

ಈ ನಂಟು ಎಷ್ಟು ಗಟ್ಟಿ ಅನ್ನೋದಕ್ಕೆ ಮೆಡಿಟರೇನಿಯನ್ ಕಡೆಯ ಆಲಿವ್ ನೊಣ ನೋಡಿ. ಎಳೆಯ ಹಸಿರು ಆಲಿವ್ ಕಾಯಿಯಲ್ಲಿ ಒಲಿಯುರೋಪೀನ್ ಎಂಬ ಕಹಿ ರಾಸಾಯನಿಕ ಇರುತ್ತದೆ. ಎರ್ವಿನಿಯಾ ಡಾಸಿಕೋಲಾ ಎಂಬ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಇಲ್ಲದಿದ್ದರೆ ಅಂಥ ಕಾಯಿಯಲ್ಲಿ ಮರಿಹುಳು ಬೆಳೆಯುವುದಿಲ್ಲ.

ಔಷಧಿ ಯಾಕೆ ಸೋಲುತ್ತೆ?

ಮರಿಹುಳು ಹಣ್ಣಿನೊಳಗೆ ಇರುವುದರಿಂದ ಮೇಲೆ ಹೊಡೆದ ಔಷಧಿ ಅದಕ್ಕೆ ಸರಿಯಾಗಿ ತಗಲುವುದಿಲ್ಲ. ಇನ್ನೊಂದು ಕಾರಣವೂ ಇದೆ. ಇದೇ ನೊಣದ ಕರುಳಿನ ಒಂದು ಸಿಟ್ರೊಬ್ಯಾಕ್ಟರ್, ಟ್ರೈಕ್ಲೋರ್‌ಫಾನ್ ಎಂಬ ಕೀಟನಾಶಕವನ್ನು ಒಡೆದುಹಾಕುತ್ತದೆ ಎಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ.

ನಾನು ಮಾಡಿದ ತಪ್ಪು

ಮೊದಲ ವರ್ಷ ಉದುರಿದ ಹಣ್ಣನ್ನೆಲ್ಲ ಗೊಬ್ಬರದ ಗುಂಡಿ ಪಕ್ಕ ಸುರಿದೆ. ಕೊಳೆತು ಗೊಬ್ಬರ ಆಗುತ್ತೆ ಬಿಡು ಅಂದುಕೊಂಡೆ. ಹುಳ ಹಣ್ಣಿನಿಂದ ಹೊರಬಿದ್ದು ಮಣ್ಣಿಗಿಳಿದು ಕೋಶವಾಯಿತು. ಸುಮಾರು ಹತ್ತು ದಿನದಲ್ಲಿ ಹೊಸ ನೊಣ ಎದ್ದವು. ಕೊನೆಗೆ ಕೊಯ್ಯುವ ಮಲ್ಲಿಕಾ ಹಣ್ಣು ಮಂಡಿಯಿಂದ ವಾಪಸ್ ಬಂತು. ತೋಟಗಾರಿಕೆ ಓದಿದವನೇ ನೊಣ ಸಾಕಿದ ಹಾಗಾಯಿತು!

ನೀವು ಮಾಡಬೇಕಾದ್ದು

1. ಉದುರಿದ ಹಣ್ಣನ್ನು ದಿನಾ ಆಯ್ದುಬಿಡಿ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದೆರಡು ವಾರ ಬಿಸಿಲಿಗಿಡಿ, ಇಲ್ಲವೇ ಎರಡು ಅಡಿಗಿಂತ ಆಳಕ್ಕೆ ಹೂಳಿ. ಮೇಲೆ ಮಣ್ಣು ಎಳೆದರೆ ಸಾಲದು.

2. ಮೀಥೈಲ್ ಯುಜೆನಾಲ್ ಮೋಹಕ ಬಲೆಯನ್ನು ಕಾಯಿ ಬಲಿಯುವ ಮೊದಲೇ ಕಟ್ಟಿ. ನೆನಪಿರಲಿ, ಇದಕ್ಕೆ ಬೀಳುವುದು ಗಂಡು ನೊಣ ಮಾತ್ರ. ಆಗಲೇ ಕೂಡಿದ ಹೆಣ್ಣು ಮೊಟ್ಟೆ ಇಡುತ್ತಲೇ ಇರುತ್ತದೆ.

3. ಆ ಹೆಣ್ಣಿಗೆ ಪ್ರೋಟೀನ್ ಆಮಿಷ ಇಡಿ. ಮೊಟ್ಟೆ ಬಲಿಯಲು ಅದಕ್ಕೆ ಪ್ರೋಟೀನ್ ಬೇಕೇಬೇಕು. ಹಾಗಾಗಿಯೇ ಅದು ಹಕ್ಕಿ ಹಿಕ್ಕೆ, ಎಲೆ ಮೇಲಿನ ಬ್ಯಾಕ್ಟೀರಿಯಾ ಹುಡುಕಿ ತಿನ್ನುತ್ತದೆ. ಸಾವಯವ ಪ್ರಮಾಣಪತ್ರ ಇರುವವರು ಆಮಿಷದಲ್ಲಿ ಬೆರೆಸಿದ ವಿಷ ಯಾವುದು ಅಂತ ಮೊದಲು ಕೇಳಿಕೊಳ್ಳಿ.

4. ಕೊಯ್ಲಾದ ಮೇಲೆ ಮರದ ಬುಡದ ಮಣ್ಣನ್ನು ಮೇಲೆಮೇಲೆ ಕೆದಕಿ. ಕೋಶಗಳು ಬಿಸಿಲಿಗೆ, ಇರುವೆಗೆ, ಹಕ್ಕಿಗೆ ಸಿಗಲಿ.

5. ಬಲಿತ ಕಾಯಿಯನ್ನು ಸಕಾಲಕ್ಕೆ ಕೊಯ್ಯಿರಿ. ಮರದಲ್ಲೇ ಹಣ್ಣಾಗಲು ಬಿಟ್ಟಷ್ಟೂ ನೊಣಕ್ಕೆ ಅನುಕೂಲ.

ಇದನ್ನೆಲ್ಲ ನೀವೊಬ್ಬರೇ ಮಾಡಿದರೆ ಸಾಲದು, ಪಕ್ಕದ ತೋಟದ ನೊಣಕ್ಕೆ ಬೇಲಿ ಲೆಕ್ಕಕ್ಕಿಲ್ಲ. ಅಕ್ಕಪಕ್ಕದವರನ್ನೂ ಸೇರಿಸಿಕೊಳ್ಳಿ. ನಾಳೆ ಬೆಳಗ್ಗೆ ಒಂದು ಬಕೆಟ್ ಹಿಡಿದು ಮರದ ಬುಡಕ್ಕೆ ಹೋಗಿ, ಅಲ್ಲಿಂದ ಶುರುಮಾಡಿ.